ಉಸಿರಿನಿಂದ ಕಾರ್ಟಿಸಾಲ್‌ವರೆಗೆ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಡಿತ ಬಿಡಲೆಂದು ದಾಖಲಾಗಿದ್ದ 60 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಮೊದಲ ವಾರ ಎಲ್ಲರಿಗೂ ಮೈಯಿಂದ ಮದ್ಯದ ನಂಜು ಇಳಿಸುವ ಚಿಕಿತ್ಸೆ. ಅದಾದ ಮೇಲೆ ಅವರನ್ನು ಎರಡು ಸಮ ಗುಂಪು ಮಾಡಿ, ಒಂದು ಗುಂಪಿನವರಿಂದ ಎರಡು ವಾರ ಸುದರ್ಶನ ಕ್ರಿಯೆ ಎಂಬ ಲಯಬದ್ಧ ಉಸಿರಾಟವನ್ನು ಮಾಡಿಸಿದರು. ಇನ್ನೊಂದು ಗುಂಪಿಗೆ ಅದಿರಲಿಲ್ಲ. ಶುರುವಿಗೊಮ್ಮೆ, ಕೊನೆಗೊಮ್ಮೆ ಬೆಳಗಿನ ಹೊತ್ತು ರಕ್ತ ತೆಗೆದು ಹಾರ್ಮೋನ್ ಅಳೆದರು. ಒತ್ತಡದ ಹಾರ್ಮೋನ್ ಎಂದು ಹೆಸರಾದ ಕಾರ್ಟಿಸಾಲ್, ಅದನ್ನು ಸುರಿಸಲು ಅಪ್ಪಣೆ ಕೊಡುವ ಎಸಿಟಿಎಚ್, ಎರಡೂ ಎರಡು ಗುಂಪುಗಳಲ್ಲೂ ತಗ್ಗಿದ್ದವು. ಉಸಿರಾಟ ಮಾಡಿದವರಲ್ಲಿ ಮಾತ್ರ ಇನ್ನಷ್ಟು ತಗ್ಗಿದ್ದವು. ಖಿನ್ನತೆಯ ಲಕ್ಷಣಗಳು ಹೆಚ್ಚು ಇಳಿದದ್ದೂ ಅವರಲ್ಲೇ.

ಸಣ್ಣ ಅಧ್ಯಯನ, ಎರಡೇ ವಾರದ್ದು. ಆದರೂ ಅದನ್ನು ಇಲ್ಲಿ ಮೊದಲಿಗೆ ತರಲು ಕಾರಣವಿದೆ. ಪ್ರಾಣಾಯಾಮ ಮಾಡಿ ಎದ್ದವರನ್ನು ಕೇಳಿದರೆ ಹಗುರ ಎನಿಸುತ್ತದೆ ಎಂದೇ ಹೇಳುತ್ತಾರೆ. ಆ ಹಗುರ ರಕ್ತದಲ್ಲೂ ಕಾಣುತ್ತದೆಯೇ ಎಂದು ಸೂಜಿ ಚುಚ್ಚಿ ನೋಡಿದವರು ಕಡಿಮೆ. ಹಾಗೆ ನೋಡಿದ ಕೆಲಸ ನಮ್ಮ ಹೊಸೂರು ರಸ್ತೆಯ ಆಸ್ಪತ್ರೆಯಲ್ಲೇ ನಡೆದಿದೆ.

ಇಂದು ಮೊಬೈಲ್ ತೆರೆದರೆ ‘ಈ ಒಂದು ಪ್ರಾಣಾಯಾಮ ಮಾಡಿ, ಥೈರಾಯ್ಡ್ ಮಾತ್ರೆ ಬಿಸಾಡಿ’ ಎನ್ನುವ ವಿಡಿಯೊಗಳಿಗೆ ಬರವಿಲ್ಲ. ಪಿಸಿಒಡಿ, ಸಕ್ಕರೆ ಕಾಯಿಲೆ, ಮುಟ್ಟು ನಿಲ್ಲುವ ಕಾಲದ ಉರಿ, ಎಲ್ಲಕ್ಕೂ ಒಂದೊಂದು ಉಸಿರಾಟದ ಹೆಸರಿಟ್ಟು ಮಾರುತ್ತಾರೆ. ಇತ್ತ ಆಸ್ಪತ್ರೆಯಲ್ಲಿ ಇದೇ ಮಾತೆತ್ತಿದರೆ ‘ಮಾಡಿ, ಒಳ್ಳೆಯದೇ’ ಎಂಬ ಒಂದು ಮಾತಿಗೆ ಮುಗಿಯಿತು. ಯಾವುದಕ್ಕೆ ಒಳ್ಳೆಯದು, ಎಷ್ಟರಮಟ್ಟಿಗೆ, ಯಾವುದಕ್ಕೆ ಏನೂ ಆಗದು ಎಂದು ಬಿಡಿಸಿ ಹೇಳುವಷ್ಟು ಹೊತ್ತು ಹೊರರೋಗಿ ವಿಭಾಗದಲ್ಲಿ ಯಾರಿಗೂ ಇರುವುದಿಲ್ಲ. ನಡುವೆ ಸಿಕ್ಕಿಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚು. ನಾನು ಓದಿ ತಿಳಿದ ಮಟ್ಟಿಗೆ ಉಸಿರು ನೇರವಾಗಿ ಮುಟ್ಟುವುದು ಹಾರ್ಮೋನುಗಳ ಒಂದೇ ಒಂದು ಸರಪಳಿಯನ್ನು. ಉಳಿದ ಕೆಲವಕ್ಕೆ ಅದರ ಮೂಲಕ ಸುತ್ತುಬಳಸಿ ಒಂದಿಷ್ಟು ನೆರವಾಗುತ್ತದೆ. ಮತ್ತೆ ಕೆಲವಕ್ಕೆ ತಲುಪುವುದೇ ಇಲ್ಲ.

ಆ ಸರಪಳಿ ಶುರುವಾಗುವುದು ಮಿದುಳಿನ ಆಳದಲ್ಲಿರುವ ಹೈಪೋಥಲಾಮಸ್‌ನಿಂದ. ಅಪಾಯದ ಸುಳಿವು ಸಿಕ್ಕೊಡನೆ ಅದು ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ. ಬಟಾಣಿಕಾಳಿನಷ್ಟು ದಪ್ಪದ ಪಿಟ್ಯುಟರಿ ಎಸಿಟಿಎಚ್ ಅನ್ನು ರಕ್ತಕ್ಕೆ ಬಿಡುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅದನ್ನು ಪಡೆದು ಕಾರ್ಟಿಸಾಲ್ ಸುರಿಸುತ್ತವೆ. ಇದಕ್ಕೆ ಕೆಲವು ನಿಮಿಷಗಳು ಬೇಕು. ಅಷ್ಟರೊಳಗೆ ನರಗಳ ಮೂಲಕ ನೇರ ಸುದ್ದಿ ಹೋಗಿ ಅದೇ ಗ್ರಂಥಿಯ ತಿರುಳಿನಿಂದ ಅಡ್ರಿನಲಿನ್ ಹೊರಬಿದ್ದಿರುತ್ತದೆ. ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು ಅಡ್ರಿನಲಿನ್ ಕೆಲಸ. ಹೊಡೆದಾಡಲೋ ಓಡಲೋ ಬೇಕಾದ ಸಕ್ಕರೆಯನ್ನು ಯಕೃತ್ತಿನಿಂದ ಬಿಡಿಸಿ, ಸದ್ಯಕ್ಕೆ ಬೇಡದ ಕೆಲಸಗಳನ್ನು ಹಿಂದಕ್ಕೆ ಸರಿಸುವುದು ಕಾರ್ಟಿಸಾಲ್. ಆ ಬೇಡದ ಕೆಲಸಗಳ ಪಟ್ಟಿಯಲ್ಲಿ ಸಂತಾನೋತ್ಪತ್ತಿಯೂ ಇದೆ.

ಕಾರ್ಟಿಸಾಲ್‌ ಅನ್ನು ವೈರಿಯಂತೆ ಕಾಣುವುದು ಈಚಿನ ರೂಢಿ. ಅದಿಲ್ಲದೆ ಬದುಕುಳಿಯಲಾಗದು. ಬೆಳಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಅದು ಏರಿ ನಮ್ಮನ್ನು ಕೆಲಸಕ್ಕೆ ಹಚ್ಚುತ್ತದೆ, ದಿನವಿಡೀ ಇಳಿಯುತ್ತ ಹೋಗಿ ನಡುರಾತ್ರಿಯ ಹೊತ್ತಿಗೆ ತಳ ಕಾಣುತ್ತದೆ. ಸಾಕಷ್ಟು ಸುರಿದ ಮೇಲೆ ತಾನೇ ಮಿದುಳಿಗೆ ಹೋಗಿ ‘ಇನ್ನು ಸಾಕು’ ಎಂದು ತಿಳಿಸುವ ಏರ್ಪಾಡೂ ಇದೆ. ಹುಲಿ ಕಂಡು ಓಡಿದವನಿಗೆ ಈ ಏರ್ಪಾಡು ಸಾಕಾಗಿತ್ತು. ಸಾಲದ ಕಂತು, ಸಿಲ್ಕ್ ಬೋರ್ಡ್ ಟ್ರಾಫಿಕ್, ರಾತ್ರಿ ಹನ್ನೊಂದಕ್ಕೆ ಬರುವ ಆಫೀಸಿನ ಮೆಸೇಜು, ಮಗುವಿನ ಜ್ವರ, ಇವು ಒಂದರ ಹಿಂದೊಂದು ಬರುವಾಗ ಅಪಾಯದ ಸುಳಿವು ನಿಲ್ಲುವುದೇ ಇಲ್ಲ. ಸಂಜೆಗೆ ಇಳಿಯಬೇಕಾದ ಕಾರ್ಟಿಸಾಲ್ ಇಳಿಯದೆ ಉಳಿಯುತ್ತದೆ. ನಿದ್ದೆ ಕೆಡುತ್ತದೆ, ಕೆಟ್ಟ ನಿದ್ದೆ ಮಾರನೆಯ ದಿನದ ಲಯವನ್ನೂ ಕೆಡಿಸುತ್ತದೆ.

ದಿನದ ಹೊತ್ತಿಗೆ ತಕ್ಕಂತೆ ಇಷ್ಟು ಏರಿಳಿಯುವ ಹಾರ್ಮೋನನ್ನು ಒಂದೇ ಒಂದು ಸಲ ಅಳೆದು ‘ನಿಮಗೆ ಒತ್ತಡ ಜಾಸ್ತಿ’ ಎನ್ನುವ ಲ್ಯಾಬ್ ಪ್ಯಾಕೇಜುಗಳಿಗೆ ದುಡ್ಡು ಸುರಿಯಬೇಡಿ. ಕಾರ್ಟಿಸಾಲ್ ಪರೀಕ್ಷೆ ಇರುವುದು ಅದು ವಿಪರೀತ ಏರುವ ಕುಶಿಂಗ್ ಸಿಂಡ್ರೋಮ್, ಬತ್ತಿಹೋಗುವ ಅಡಿಸನ್ ಕಾಯಿಲೆಯಂಥವನ್ನು ಪತ್ತೆಹಚ್ಚಲು. ಅಡ್ರಿನಲ್ ಗ್ರಂಥಿ ‘ದಣಿದಿದೆ’ ಎಂಬ ಹೆಸರಿನಲ್ಲಿ ಮಾರುವ ರೋಗವನ್ನು ಹಾರ್ಮೋನ್ ತಜ್ಞರ ಸಂಘಗಳು ಒಪ್ಪುವುದಿಲ್ಲ.

ಇನ್ನು ಉಸಿರು ಈ ಸರಪಳಿಯನ್ನು ಮುಟ್ಟುವ ಬಗೆ. ಉಸಿರಾಟದ ಲಯ ಹುಟ್ಟುವುದು ಮಿದುಳಿನ ಬುಡದಲ್ಲಿರುವ ಕೆಲವೇ ಸಾವಿರ ನರಕೋಶಗಳ ಒಂದು ಗುಚ್ಛದಲ್ಲಿ. ಅಮೆರಿಕದ ಜಾಕ್ ಫೆಲ್ಡ್‌ಮನ್ ಮತ್ತು ಸಂಗಡಿಗರು ಅದನ್ನು 1991ರಲ್ಲಿ ಗುರುತಿಸಿದರು. 2017ರಲ್ಲಿ ಇಲಿಗಳ ಮೇಲೆ ನಡೆದ ಇನ್ನೊಂದು ಕೆಲಸ ನನ್ನನ್ನು ಬಹಳ ದಿನ ಕಾಡಿತು. ಆ ಗುಚ್ಛದೊಳಗಿನ ಸಣ್ಣದೊಂದು ಕೋಶಸಮೂಹ ಉಸಿರಾಟದ ವೇಗವನ್ನು ಗಮನಿಸುತ್ತ, ಮಿದುಳಿನಲ್ಲಿ ಎಚ್ಚರವನ್ನು ಹೊತ್ತಿಸುವ ಕೇಂದ್ರಕ್ಕೆ ವರದಿ ಮಾಡುತ್ತಿರುತ್ತದೆ. ಆ ಕೋಶಗಳನ್ನಷ್ಟೇ ತೆಗೆದಾಗ ಇಲಿಗಳು ಉಸಿರಾಡುತ್ತಲೇ ಇದ್ದವು. ಹೊಸ ಜಾಗದಲ್ಲಿ ಬಿಟ್ಟರೂ ಅತ್ತಿತ್ತ ಓಡದೆ ಕೂತು ಮೈ ಒಪ್ಪ ಮಾಡಿಕೊಂಡವು. ಅಂದರೆ ಉಸಿರಿನ ವೇಗದ ಸುದ್ದಿ ಮಿದುಳಿಗೆ ಎಡೆಬಿಡದೆ ತಲುಪುತ್ತಿರುತ್ತದೆ. ಗಾಬರಿಯಾದರೆ ಉಸಿರು ಏರುವುದು ನಮಗೆಲ್ಲ ಗೊತ್ತು. ಏರಿದ ಉಸಿರು ಗಾಬರಿಯನ್ನು ಹೆಚ್ಚಿಸುವುದೂ ಅಷ್ಟೇ ನಿಜ. ಎಚ್ಚರದ ಆ ಕೇಂದ್ರದಿಂದ ಹೈಪೋಥಲಾಮಸ್‌ಗೆ ನೇರ ದಾರಿಯಿದೆ, ಅಲ್ಲಿಂದ ಮುಂದಿನದು ಕಾರ್ಟಿಸಾಲ್‌ನ ಸರಪಳಿ.

ಎರಡನೆಯ ದಾರಿ ವೇಗಸ್ ನರದ್ದು. ಮಿದುಳಿನ ಬುಡದಿಂದ ಹೊರಟು ಗಂಟಲು, ಎದೆ, ಹೊಟ್ಟೆಯವರೆಗೆ ಹರಡಿಕೊಂಡಿರುವ ಈ ನರ ಹೃದಯದ ಬಡಿತವನ್ನು ತಗ್ಗಿಸುತ್ತದೆ. ವಿಜ್ಞಾನಿ ಆಟೊ ಲೋವಿ 1921ರಲ್ಲಿ ಕಪ್ಪೆಯ ಹೃದಯವನ್ನಿಟ್ಟುಕೊಂಡು ತೋರಿಸಿದ್ದು ಇದನ್ನೇ: ವೇಗಸ್ ನರವನ್ನು ಕೆರಳಿಸಿದಾಗ ಒಂದು ರಾಸಾಯನಿಕ ಬಿಡುಗಡೆಯಾಗುತ್ತದೆ, ಅದನ್ನು ಇನ್ನೊಂದು ಹೃದಯಕ್ಕೆ ಹಾಕಿದರೆ ಅದೂ ನಿಧಾನವಾಗುತ್ತದೆ. ಆ ರಾಸಾಯನಿಕ ಅಸಿಟೈಲ್‌ಕೋಲಿನ್. ಉಸಿರು ಎಳೆದುಕೊಳ್ಳುವಾಗ ವೇಗಸ್‌ನ ಹಿಡಿತ ಸಡಿಲವಾಗಿ ಬಡಿತ ತುಸು ಏರುತ್ತದೆ, ಬಿಡುವಾಗ ಹಿಡಿತ ಬಿಗಿಯಾಗಿ ಬಡಿತ ಇಳಿಯುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ನಿಧಾನ ಉಸಿರಾಡಿದರೆ ಎಳೆಯ ವಯಸ್ಸಿನವರಿಗೆ ಇದು ಬೆರಳಿಗೇ ಗೊತ್ತಾಗುತ್ತದೆ. ಉಸಿರು ಬಿಡುವ ಹೊತ್ತು ಉದ್ದವಾದಷ್ಟೂ ವೇಗಸ್‌ಗೆ ಕೆಲಸ ಮಾಡಲು ಬಿಡುವು ಹೆಚ್ಚು. ನಮ್ಮ ಗುರುಗಳು ರೇಚಕವನ್ನು, ಅಂದರೆ ಉಸಿರು ಬಿಡುವುದನ್ನು, ಎಳೆದುಕೊಳ್ಳುವ ಪೂರಕಕ್ಕಿಂತ ಉದ್ದ ಇಡಬೇಕೆಂದು ಕಲಿಸುತ್ತ ಬಂದದ್ದಕ್ಕೆ ಶರೀರಶಾಸ್ತ್ರದ ಆಧಾರ ಇಲ್ಲಿದೆ.

ನಿಮಿಷಕ್ಕೆ ಸುಮಾರು ಆರು ಉಸಿರು ಎಂಬ ಲೆಕ್ಕ ಎಲ್ಲಿಂದ ಬಂತು? ರಕ್ತದೊತ್ತಡ ತಾನಾಗಿಯೇ ಸುಮಾರು ಹತ್ತು ಸೆಕೆಂಡಿಗೊಮ್ಮೆ ಏರಿ ಇಳಿಯುತ್ತಿರುತ್ತದೆ. ಉಸಿರಿನ ಒಂದು ಸುತ್ತೂ ಹತ್ತು ಸೆಕೆಂಡಿನದಾದರೆ ಎರಡೂ ಅಲೆಗಳು ಕೂಡಿಕೊಳ್ಳುತ್ತವೆ. ಉಯ್ಯಾಲೆ ಹಿಂದಕ್ಕೆ ಬಂದ ಸರಿಯಾದ ಹೊತ್ತಿಗೆ ತಳ್ಳಿದರೆ ಸಣ್ಣ ಕೈಯೂ ಅದನ್ನು ಎತ್ತರಕ್ಕೆ ಒಯ್ಯುವಂತೆ, ಆಗ ಹೃದಯ ಬಡಿತದ ಏರಿಳಿತ ದೊಡ್ಡದಾಗುತ್ತದೆ, ಒತ್ತಡವನ್ನು ಅಳೆದು ಸರಿದೂಗಿಸುವ ನರಗಳು ಚುರುಕಾಗುತ್ತವೆ. ಇಟಲಿಯ ಲುಚಿಯಾನೊ ಬೆರ್ನಾರ್ಡಿ 23 ಮಂದಿಯಿಂದ ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿ ಅಳೆದರು. ಎರಡರಲ್ಲೂ ಉಸಿರು ತಾನಾಗಿ ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿದಿತ್ತು. 2001ರಲ್ಲಿ ಬಂದ ಆ ಲೇಖನ ಓದಿದಾಗ ನನಗೆ ನೆನಪಾದದ್ದು ಸಂಜೆ ದೀಪ ಹಚ್ಚಿ ಸಹಸ್ರನಾಮ ಹೇಳಿಕೊಳ್ಳುವ, ಭಜನೆ ಮನೆಯಲ್ಲಿ ಉದ್ದನೆಯ ಸಾಲುಗಳನ್ನು ಒಂದೇ ಉಸಿರಿಗೆ ಎಳೆದು ಹಾಡುವ ನಮ್ಮ ಊರುಗಳ ಹಿರಿಯರು. ಹಾಡುವುದೆಂದರೆ ಉಸಿರನ್ನು ಅಳತೆಯಿಟ್ಟು ಬಿಡುವುದೇ ತಾನೆ.

ಈ ಅಳೆಯುವ ಹಂಬಲಕ್ಕೂ ಕರ್ನಾಟಕಕ್ಕೂ ಹಳೆಯ ನಂಟಿದೆ. ಸ್ವಾಮಿ ಕುವಲಯಾನಂದರು 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮ ಕಟ್ಟಿ ಪ್ರಾಣಾಯಾಮವನ್ನು ಪ್ರಯೋಗಾಲಯಕ್ಕೆ ತಂದರು. 1935ರಲ್ಲಿ ತೆರೇಸ್ ಬ್ರೋಸ್ ಎಂಬ ಫ್ರೆಂಚ್ ಹೃದ್ರೋಗ ತಜ್ಞೆ ಇಸಿಜಿ ಯಂತ್ರದೊಂದಿಗೆ ಭಾರತಕ್ಕೆ ಬಂದು ಯೋಗಿಗಳನ್ನು ಪರೀಕ್ಷಿಸಿದರು. ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸುತ್ತಿದ್ದ, ಅದಕ್ಕೆ ಒಂದು ವರ್ಷದ ಹಿಂದಷ್ಟೇ ಕನ್ನಡದಲ್ಲಿ ‘ಯೋಗ ಮಕರಂದ’ ಬರೆದಿದ್ದ ತಿರುಮಲೈ ಕೃಷ್ಣಮಾಚಾರ್ಯರೂ ಅವರಲ್ಲಿದ್ದರು. ಯೋಗಿಗಳು ಹೃದಯವನ್ನೇ ನಿಲ್ಲಿಸಬಲ್ಲರು ಎಂಬ ಸುದ್ದಿ ಲೋಕವೆಲ್ಲ ಹಬ್ಬಿತು. ಮುಂದೆ ಸಂಶೋಧಕರಾದ ವೆಂಗರ್, ಬಾಗ್ಚಿ, ದೆಹಲಿಯ ಬಿ.ಕೆ. ಆನಂದ್ ಇನ್ನೂ ಸೂಕ್ಷ್ಮ ಯಂತ್ರಗಳಿಂದ ನೋಡಿ 1961ರಲ್ಲಿ ಬರೆದದ್ದು ಬೇರೆ: ಉಸಿರು ಬಿಗಿಹಿಡಿದು ಎದೆಯ ಸ್ನಾಯುಗಳನ್ನು ಒತ್ತಿದಾಗ ನಾಡಿ ಕೈಗೆ ಸಿಗದಷ್ಟು ಕ್ಷೀಣವಾಗುತ್ತದೆ, ಹೃದಯ ಮಾತ್ರ ಬಡಿಯುತ್ತಲೇ ಇರುತ್ತದೆ. ಇದರಿಂದ ಯೋಗಕ್ಕೆ ಕುಂದೇನೂ ಬರಲಿಲ್ಲ. ಉಸಿರಿಗಿರುವ ನಿಜವಾದ ಶಕ್ತಿ ಯಾವುದು, ಹಬ್ಬಿದ ಮಾತು ಯಾವುದು ಎಂದು ಬೇರ್ಪಟ್ಟಿತು. ಹಾರ್ಮೋನಿನ ವಿಷಯದಲ್ಲೂ ಇದೇ ಕೆಲಸ ಆಗಬೇಕಿದೆ.

ಮುಟ್ಟಿನ ವಿಷಯಕ್ಕೆ ಬರೋಣ, ಏಕೆಂದರೆ ಹೆಚ್ಚಿನ ಪ್ರಶ್ನೆಗಳು ಬರುವುದು ಅಲ್ಲಿಂದಲೇ. ಹೈಪೋಥಲಾಮಸ್ ಹದಿಹರೆಯದಿಂದ ಮುಂದೆ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಮಿಡಿತ ಮಿಡಿತವಾಗಿ ಬಿಡುತ್ತಿರುತ್ತದೆ. ತಿಂಗಳ ಮೊದಲ ಅರ್ಧದಲ್ಲಿ ಗಂಟೆ, ಒಂದೂವರೆ ಗಂಟೆಗೊಂದು ಮಿಡಿತ. ಈ ಲಯ ಕೆಟ್ಟರೆ ಅಂಡಾಶಯಕ್ಕೆ ಸರಿಯಾದ ಸಂಜ್ಞೆ ಹೋಗದು. ಒತ್ತಡದ ಸರಪಳಿ ಈ ಮಿಡಿತವನ್ನು ಅಡಗಿಸುತ್ತದೆ. ಪರೀಕ್ಷೆಯ ತಿಂಗಳಲ್ಲಿ, ಮನೆಯಲ್ಲಿ ಸಾವಾದಾಗ, ಊಟ ಬಿಟ್ಟು ತೂಕ ಇಳಿಸುವಾಗ ಮುಟ್ಟು ಮುಂದೆ ಹೋಗುವುದು ಇದರಿಂದ. ಇಂಥಲ್ಲಿ ಒತ್ತಡ ತಗ್ಗಿಸುವ ಯಾವುದೇ ಅಭ್ಯಾಸ ನೆರವಾಗಬಲ್ಲದು, ಉಸಿರಾಟವೂ. ಹೊಟ್ಟೆ ತುಂಬ ಊಟವೂ ಅಷ್ಟೇ ಬೇಕು ಎನ್ನುವುದನ್ನು ಮರೆಯಬಾರದು.

ಪಿಸಿಒಡಿ ಇದಕ್ಕಿಂತ ಸಿಕ್ಕಾದದ್ದು. ಹೆರುವ ವಯಸ್ಸಿನ ಸುಮಾರು ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇರುವ ಈ ತೊಂದರೆಯಲ್ಲಿ ಇನ್ಸುಲಿನ್‌ಗೆ ಮೈ ಸರಿಯಾಗಿ ಓಗೊಡುವುದಿಲ್ಲ, ಏರಿದ ಇನ್ಸುಲಿನ್ ಅಂಡಾಶಯದಿಂದ ಟೆಸ್ಟೋಸ್ಟಿರಾನ್‌ನಂಥ ಗಂಡು ಹಾರ್ಮೋನುಗಳನ್ನು ಹೆಚ್ಚು ಹೊರಡಿಸುತ್ತದೆ. ಮೊಡವೆ, ಗದ್ದದ ಮೇಲಿನ ಕೂದಲು, ಎರಡು ಮೂರು ತಿಂಗಳಿಗೊಮ್ಮೆ ಬರುವ ಮುಟ್ಟು. ಇದರ ಜೊತೆಗೆ ಸಿಂಪಥೆಟಿಕ್ ನರಗಳು, ಅಂದರೆ ಮೈಯನ್ನು ಸದಾ ಸಜ್ಜಾಗಿಡುವ ನರಗಳು, ಪಿಸಿಒಡಿ ಇರುವವರಲ್ಲಿ ಹೆಚ್ಚು ಚಟುವಟಿಕೆಯಿಂದ ಇರುವುದನ್ನು ಸ್ವೀಡನ್‌ನ ಸಂಶೋಧಕರು 2008ರಲ್ಲಿ ನರದೊಳಗೇ ಸೂಜಿಯಿಟ್ಟು ಅಳೆದು ತೋರಿಸಿದರು. ಉಸಿರಿಗೆ ಇಲ್ಲೊಂದು ಬಾಗಿಲು ತೆರೆಯಿತು.

ಆ ಬಾಗಿಲಿನಿಂದ ಒಳಹೊಕ್ಕು ನೋಡಿದ್ದು ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನ. ಡಾ. ಆರ್. ನಾಗರತ್ನ ಅವರಿದ್ದ ತಂಡ ನಮ್ಮ ಗಡಿಗೆ ಅಂಟಿಕೊಂಡ ಅನಂತಪುರದ ವಸತಿ ಕಾಲೇಜೊಂದರಲ್ಲಿ 15ರಿಂದ 18 ವರ್ಷದ, ಪಿಸಿಒಡಿ ಇದ್ದ 90 ಹುಡುಗಿಯರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ದಿನಕ್ಕೆ ಒಂದು ಗಂಟೆಯಂತೆ 12 ವಾರ ಆಸನ, ಪ್ರಾಣಾಯಾಮ, ವಿಶ್ರಾಂತಿ. ಇನ್ನೊಂದಕ್ಕೆ ಅಷ್ಟೇ ಹೊತ್ತು ಮಾಮೂಲಿ ವ್ಯಾಯಾಮ. ಸುಮ್ಮನೆ ಕೂತವರೊಡನೆ ಹೋಲಿಸದೆ ಬೆವರು ಸುರಿಸಿದವರೊಡನೆ ಹೋಲಿಸಿದ್ದು ಈ ಅಧ್ಯಯನದ ಹೆಚ್ಚುಗಾರಿಕೆ. ಕೊನೆಯಲ್ಲಿ ಯೋಗ ಮಾಡಿದವರಲ್ಲಿ ಟೆಸ್ಟೋಸ್ಟಿರಾನ್, ಎಲ್‌ಎಚ್, ಎಎಂಎಚ್ ಹಾರ್ಮೋನುಗಳು ಹೆಚ್ಚು ಇಳಿದಿದ್ದವು, ಮುಟ್ಟು ಹೆಚ್ಚು ಸಲ ಬಂದಿತ್ತು. ತೂಕದಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ, ಪ್ರೊಲ್ಯಾಕ್ಟಿನ್‌ನಲ್ಲೂ ಇರಲಿಲ್ಲ.

2013ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ‘ಪ್ರಾಣಾಯಾಮದಿಂದ ಪಿಸಿಒಡಿ ವಾಸಿ’ ಎಂದು ಓದಿಕೊಳ್ಳುವವರಿದ್ದಾರೆ. ಅದು ಹಾಗೆ ಹೇಳುವುದಿಲ್ಲ. ಮಾಡಿಸಿದ್ದು ಆಸನ, ಉಸಿರು, ವಿಶ್ರಾಂತಿ ಎಲ್ಲ ಸೇರಿದ ಒಂದು ಗಂಟೆ. ಉಸಿರಿನ ಪಾಲೆಷ್ಟು ಎಂದು ಬಿಡಿಸಿ ನೋಡಿಲ್ಲ. ಹಾಸ್ಟೆಲ್‌ನ ಒಂದೇ ಅಡುಗೆ, ಒಂದೇ ದಿನಚರಿ, ಎದುರಿಗೆ ನಿಂತ ಶಿಕ್ಷಕಿ ಇದ್ದ ಜಾಗ ಅದು. ಆದರೂ ಹದಿನಾರರ ಹುಡುಗಿಯೊಬ್ಬಳಿಗೆ ಮೂರು ತಿಂಗಳಲ್ಲಿ ಇಷ್ಟು ಬದಲಾವಣೆ ಸಾಧ್ಯ ಎನ್ನುವುದು ಸಣ್ಣ ಮಾತಲ್ಲ.

ಇನ್ನು ಉಸಿರು ತಲುಪದ ಜಾಗಗಳು. ಥೈರಾಯ್ಡ್ ಕಡಿಮೆಯಾಗುವುದಕ್ಕೆ ಬಹುಪಾಲು ಕಾರಣ ನಮ್ಮದೇ ರೋಗನಿರೋಧಕ ವ್ಯವಸ್ಥೆ ಆ ಗ್ರಂಥಿಯನ್ನು ತಿಂದುಹಾಕುವುದು. ಕೋಶಗಳೇ ನಾಶವಾದ ಮೇಲೆ ಉಜ್ಜಾಯಿ ಮಾಡಿ ಗಂಟಲಿಗೆ ‘ಮಸಾಜ್’ ಕೊಟ್ಟರೆ ಅವು ಮರಳಿ ಹುಟ್ಟುವುದಿಲ್ಲ. ಥೈರಾಕ್ಸಿನ್ ಮಾತ್ರೆ ಬರಿಹೊಟ್ಟೆಯಲ್ಲಿ, ಕಾಫಿಗೆ ಮುಂಚೆ ನುಂಗಲೇಬೇಕು. ಬಸುರಿಯೊಬ್ಬಳು ವಿಡಿಯೊ ನಂಬಿ ಅದನ್ನು ಬಿಟ್ಟರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿನ ಬೆಳವಣಿಗೆಗೇ ಪೆಟ್ಟು. ಇನ್ಸುಲಿನ್ ಮೇಲೆ ಬದುಕುವ ಮಕ್ಕಳ ವಿಷಯದಲ್ಲಂತೂ ಒಂದು ದಿನವೂ ಇಂಥ ಪ್ರಯೋಗ ಸಲ್ಲದು. ಕೀಲುನೋವು, ದಮ್ಮು ಎಂದು ಯಾರೋ ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದವರ ಅಡ್ರಿನಲ್ ಗ್ರಂಥಿಗಳು ಮಲಗಿಬಿಟ್ಟಿರುತ್ತವೆ. ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ಜೀವಕ್ಕೆ ಅಪಾಯ. ಅದನ್ನು ವೈದ್ಯರ ಕಣ್ಣೆದುರು ಹಂತ ಹಂತವಾಗಿ ಇಳಿಸಬೇಕು.

ಮುಟ್ಟು ನಿಲ್ಲುವ ಕಾಲದಲ್ಲಿ ಮೈಯೆಲ್ಲ ಉರಿಹತ್ತಿ ಬೆವರುವುದಕ್ಕೆ ನಿಧಾನ ಉಸಿರಾಟ ಒಳ್ಳೆಯ ಮದ್ದು ಎಂದು 1990ರ ದಶಕದ ಸಣ್ಣ ಅಧ್ಯಯನಗಳು ಹೇಳಿದ್ದವು. ಆಮೇಲೆ ನಡೆದ ದೊಡ್ಡ ಪರೀಕ್ಷೆಗಳಲ್ಲಿ ಆ ಲಾಭ ನಿಲ್ಲಲಿಲ್ಲ. ಉತ್ತರ ಅಮೆರಿಕದ ಋತುಬಂಧ ತಜ್ಞರ ಸಂಘ 2023ರ ತನ್ನ ಸಲಹೆಯಲ್ಲಿ ಉರಿ ತಗ್ಗಿಸಲು ಈ ವಿಧಾನವನ್ನು ಶಿಫಾರಸು ಮಾಡಲಿಲ್ಲ. ರಾತ್ರಿ ಎಚ್ಚರವಾದಾಗ ಮತ್ತೆ ನಿದ್ದೆ ಹತ್ತಲು, ಆ ಹೊತ್ತಿನ ಗಾಬರಿ ಇಳಿಯಲು ಉಸಿರು ನೆರವಾಗಬಹುದು. ಉರಿ ನಿಂತಿಲ್ಲವೆಂದು ‘ನಾನೇ ಸರಿಯಾಗಿ ಮಾಡುತ್ತಿಲ್ಲ’ ಎಂದು ಯಾವ ಹೆಂಗಸೂ ತನ್ನನ್ನು ಹಳಿದುಕೊಳ್ಳಬಾರದು. ಅದಕ್ಕೆ ಬೇರೆ ಚಿಕಿತ್ಸೆಗಳಿವೆ, ಕೇಳಿ ಪಡೆಯಬೇಕು.

ಎಲ್ಲ ಉಸಿರಾಟವೂ ಮೈಯನ್ನು ತಣಿಸುವುದಿಲ್ಲ ಎನ್ನುವುದು ಇನ್ನೊಂದು ಮುಖ್ಯ ವಿಷಯ. ಭಸ್ತ್ರಿಕಾ, ಕಪಾಲಭಾತಿಯಂಥ ವೇಗದ ಕ್ರಿಯೆಗಳು ಮೈಯನ್ನು ಎಬ್ಬಿಸುತ್ತವೆ. ನೆದರ್ಲೆಂಡ್ಸ್‌ನ ನೈಮೇಖನ್‌ನಲ್ಲಿ 24 ಆರೋಗ್ಯವಂತ ಗಂಡಸರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಿಮ್ ಹಾಫ್ ಕಲಿಸುವ ವೇಗದ ಉಸಿರಾಟ ಮಾಡಿದವರ ರಕ್ತದಲ್ಲಿ ಅಡ್ರಿನಲಿನ್ ಮೇಲೇರಿತ್ತು. ಎಳೆಯ, ಗಟ್ಟಿ ಮೈಯವರಿಗೆ ಬೆಳಗಿನ ಹೊತ್ತು ಅದು ಹುರುಪು ತರಬಹುದು. ಈಗಾಗಲೇ ಎದೆ ಡವಗುಟ್ಟುತ್ತ, ನಿದ್ದೆಗೆಟ್ಟು ಕೂತವರಿಗೆ ರಾತ್ರಿ ಹತ್ತಕ್ಕೆ ಕಪಾಲಭಾತಿ ಹೇಳಿಕೊಡುವುದು ತಪ್ಪು. ವೇಗವಾಗಿ ಉಸಿರಾಡಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ತಿರುಗುತ್ತದೆ, ಬೆರಳು ಜುಮುಗುಡುತ್ತದೆ. ಇದನ್ನು ‘ಶಕ್ತಿ ಸಂಚಾರ’ ಎಂದು ತಿಳಿದು ಮುಂದುವರಿಸಬೇಡಿ. ಬಾವಿಗೋ ಕಾಲುವೆಗೋ ಧುಮುಕುವ ಮುಂಚೆ ಹೆಚ್ಚು ಹೊತ್ತು ಮುಳುಗಿರಲೆಂದು ಹೀಗೆ ಉಸಿರಾಡುವ ಹುಡುಗರಿಗಂತೂ ಇದು ಪ್ರಾಣಾಂತಿಕ: ಉಸಿರು ಬೇಕೆಂಬ ಸೂಚನೆ ಬರುವ ಮೊದಲೇ ನೀರೊಳಗೆ ಪ್ರಜ್ಞೆ ತಪ್ಪುತ್ತದೆ.

ಹಾಗಾದರೆ ಯಾವುದನ್ನು ಮಾಡಬೇಕು? ಬೀಜಿಂಗ್‌ನಲ್ಲಿ 40 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಟು ವಾರ ವಪೆಯಿಂದ, ಅಂದರೆ ಎದೆ ಹೊಟ್ಟೆಗಳ ನಡುವಿನ ಸ್ನಾಯುವಿನಿಂದ, ನಿಧಾನ ಉಸಿರಾಡಲು ಕಲಿತವರ ಜೊಲ್ಲಿನಲ್ಲಿ ಕಾರ್ಟಿಸಾಲ್ ಕಡಿಮೆಯಾಗಿತ್ತು. ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ 2023ರಲ್ಲಿ, ದಿನಕ್ಕೆ ಐದೇ ನಿಮಿಷ, ಎರಡು ಸಲ ಎಳೆದು ಒಂದು ಸಲ ಉದ್ದಕ್ಕೆ ಬಿಡುವ ನಿಟ್ಟುಸಿರಿನಂಥ ಉಸಿರಾಟವನ್ನು ಒಂದು ತಿಂಗಳು ಮಾಡಿದವರ ಮನಸ್ಸು ಧ್ಯಾನ ಮಾಡಿದವರಿಗಿಂತ ಹೆಚ್ಚು ಗೆಲುವಾಗಿತ್ತು. ಅದೇ ವರ್ಷ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 400 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ನಿಮಿಷಕ್ಕೆ ಐದೂವರೆ ಉಸಿರು, ಉಳಿದರ್ಧಕ್ಕೆ ಮಾಮೂಲಿಯಂತೆ 12 ಉಸಿರು ಎಂದು ಗೊತ್ತುಪಡಿಸಿ, ನಾಲ್ಕು ವಾರ ದಿನಕ್ಕೆ ಹತ್ತು ನಿಮಿಷ ಮಾಡಿಸಿದರು. ಎರಡೂ ಗುಂಪಿನವರು ಸುಧಾರಿಸಿದ್ದರು, ನಡುವೆ ವ್ಯತ್ಯಾಸ ಸಿಗಲಿಲ್ಲ. ಅವರು ಹಾರ್ಮೋನ್ ಅಳೆದಿರಲಿಲ್ಲ, ಕೇಳಿದ್ದು ಮನಸ್ಸಿನ ಸ್ಥಿತಿಯನ್ನಷ್ಟೇ. ಆದರೂ ಇದರಿಂದ ನನಗೆ ಸಮಾಧಾನವಾಯಿತು. ನಾಲ್ಕು ಎಣಿಕೆಯೋ ಐದು ಎಣಿಕೆಯೋ, ಬಲ ಮೂಗೋ ಎಡ ಮೂಗೋ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ದಿನವೂ ಒಂದಿಷ್ಟು ಹೊತ್ತು ಫೋನು ಬದಿಗಿಟ್ಟು ಕೂತು ಉಸಿರಿನ ಮೇಲೆ ಗಮನವಿಡುವುದೇ ಕೆಲಸದ ಅರ್ಧ ಪಾಲು.

ನಾನು ಯಾರಿಗಾದರೂ ಹೇಳುವುದಾದರೆ ಇಷ್ಟೇ. ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ, ನೆಲದ ಮೇಲಾಗಲಿ ಕುರ್ಚಿಯ ಮೇಲಾಗಲಿ. ಒಂದು ಕೈ ಹೊಟ್ಟೆಯ ಮೇಲಿರಲಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಎಳೆದುಕೊಳ್ಳಿ, ಕೈ ಮುಂದಕ್ಕೆ ಬರಬೇಕು, ಭುಜ ಏಳಬಾರದು. ಆರು ಎಣಿಸುವಷ್ಟು ಹೊತ್ತು ಬಿಡಿ. ಉಸಿರು ಕಟ್ಟಿ ಹಿಡಿಯುವುದು ಬೇಡ. ಐದು ನಿಮಿಷದಿಂದ ಶುರುಮಾಡಿ ಹತ್ತಕ್ಕೆ ಒಯ್ಯಿರಿ. ಎಣಿಕೆ ಬೇಸರವೆನಿಸಿದರೆ ಭ್ರಾಮರಿ ಮಾಡಿ. ಗುಂಯ್ ಎನ್ನುತ್ತಿದ್ದರೆ ಉಸಿರು ಬಿಡುವುದು ತಾನಾಗಿಯೇ ಉದ್ದವಾಗುತ್ತದೆ. ಹೊತ್ತು ಯಾವುದಾದರೂ ಆದೀತು; ಕಾರ್ಟಿಸಾಲ್ ಇಳಿಯಬೇಕಾದ ಸಂಜೆ, ಮಲಗುವ ಮುನ್ನಿನ ಹೊತ್ತು ಒಳ್ಳೆಯದೆಂದು ನನ್ನ ಅನಿಸಿಕೆ. ಬಸುರಿಯರು, ಬಿಪಿ, ಹೃದಯದ ತೊಂದರೆ, ಮೂರ್ಛೆ ರೋಗ, ಹರ್ನಿಯಾ ಇರುವವರು ಉಸಿರು ಕಟ್ಟಿ ಹಿಡಿಯುವ ಕುಂಭಕ, ಕಪಾಲಭಾತಿ, ಭಸ್ತ್ರಿಕಾಗಳ ತಂಟೆಗೆ ಹೋಗಬಾರದು. ಕೆಲವರಿಗೆ ಕಣ್ಣು ಮುಚ್ಚಿ ಉಸಿರು ಗಮನಿಸಿದರೇ ದಿಗಿಲು ಹೆಚ್ಚುತ್ತದೆ. ಅಂಥವರು ಕಣ್ಣು ತೆರೆದು, ನಡೆಯುತ್ತ ಉಸಿರಾಡಲಿ, ಇಲ್ಲವೇ ಹಾಡಿಕೊಳ್ಳಲಿ.

ಅನಂತಪುರದ ಆ ಅಧ್ಯಯನ ಓದಿದಾಗಲೆಲ್ಲ ನನಗೆ ನಮ್ಮ ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಬಿಸಿಎಂ ಹಾಸ್ಟೆಲುಗಳು ಕಣ್ಮುಂದೆ ಬರುತ್ತವೆ. ಅದೇ ವಯಸ್ಸಿನ ಹುಡುಗಿಯರು ಅಲ್ಲಿದ್ದಾರೆ. ಬೆಳಗ್ಗೆ ಐದಕ್ಕೆ ಎಬ್ಬಿಸಿ ಸಿಇಟಿ, ನೀಟ್ ಎಂದು ಓದಿಸುವ ಖಾಸಗಿ ಪಿಯು ಕಾಲೇಜುಗಳ ಹಾಸ್ಟೆಲುಗಳಲ್ಲಿ ಇನ್ನೂ ಹೆಚ್ಚಿದ್ದಾರೆ. ವರ್ಷಕ್ಕೊಮ್ಮೆ ಜೂನ್ 21ರ ಯೋಗ ದಿನದಂದು ಮೈದಾನದಲ್ಲಿ ಸಾಲಾಗಿ ಕೂರಿಸಿ ಫೋಟೊ ತೆಗೆಸಿದರೆ ಯಾರ ಹಾರ್ಮೋನೂ ಬದಲಾಗುವುದಿಲ್ಲ. ಬೇಕಾದದ್ದು ವಾರಕ್ಕೆ ಐದಾರು ದಿನ ಸಿಗುವ ಒಂದು ಗಂಟೆ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಮುಟ್ಟಿನ ಬಗ್ಗೆ ಮುಜುಗರವಿಲ್ಲದೆ ಮಾತಾಡಬಲ್ಲ ಒಬ್ಬ ಶಿಕ್ಷಕಿ. ಎಲ್ಲಕ್ಕೂ ಮುಂಚೆ ವಾರ್ಡನ್ ಮಾಡಬೇಕಾದ ಕೆಲಸವೊಂದಿದೆ. ಮೂರು ತಿಂಗಳಿಂದ ಮುಟ್ಟಾಗದ ಹುಡುಗಿಯನ್ನು ಗುಟ್ಟು ಕಾಪಾಡಿ ತಾಲ್ಲೂಕು ಆಸ್ಪತ್ರೆಗೆ, ಇಲ್ಲವೇ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ಗೆ ಕರೆದೊಯ್ದು ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ, ರಕ್ತಹೀನತೆಯ ಪರೀಕ್ಷೆಗಳು, ಅಗತ್ಯ ಬಿದ್ದರೆ ಸ್ಕ್ಯಾನಿಂಗ್, ಇವು ಮುಗಿದ ಮೇಲೆ ಅವಳ ಹೆಸರನ್ನು ಯೋಗದ ತರಗತಿಗೆ ಬರೆಸಲಿ.